ನಕ್ಷೆಯೊಳಗೆ ಮಳೆಗಾಲವಿಲ್ಲ

(ಹಾಸನದ ಒಂದು ಗ್ರಂಥಾಲಯದ ಸಭಾಂಗಣದಲ್ಲಿ ಆಷಾಢದ ಭಾನುವಾರ ಮಾಡಿದ ಉಪನ್ಯಾಸ. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬೆಳಗಿನಿಂದ ಮಳೆ ಹಿಡಿದುಕೊಂಡಿದೆ, ಆದರೂ ಬಂದಿದ್ದೀರಿ. ಹಿಂದಿನ ಸಾಲಿನಲ್ಲಿ ಒದ್ದೆ ಕೊಡೆ ಹಿಡಿದು ಕೂತವರು ಅವನ್ನು ಬಾಗಿಲ ಹತ್ತಿರ ಇಟ್ಟು ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಇವೆ.

ನಾನು ಮೂವತ್ತೊಂದು ವರ್ಷ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟವಳು. ಕಾರು ಓಡಿಸಲು ಕಲಿತದ್ದು ನಲವತ್ತು ದಾಟಿದ ಮೇಲೆ. ಇವತ್ತಿನ ವಿಷಯಕ್ಕೆ ಇವೆರಡೂ ಬೇಕು. ಗಾಡಿ ಓಡಿಸುವಾಗ ಫೋನಿನ ಮ್ಯಾಪ್ ನಂಬಿಕೊಂಡು ನಾವು ಪಡುವ ಪಾಡು, ಅದರಲ್ಲೂ ನಮ್ಮ ಕಡೆಯ ಘಟ್ಟದ ಸೆರಗಿನಲ್ಲಿ, ಮಳೆಗಾಲದಲ್ಲಿ.

ಈ ಮಾತನ್ನು ಹಾಸನದಲ್ಲಿ ನಿಂತು ಆಡುವುದಕ್ಕೆ ಒಂದು ಕಾರಣವಿದೆ. ಸಾಲಗಾಮೆ ರಸ್ತೆಯ ಎಂಸಿಎಫ್ ನಿಮಗೆಲ್ಲ ಗೊತ್ತು. ಇಸ್ರೋದ ಆ ನಿಯಂತ್ರಣ ಕೇಂದ್ರ 1982ರಿಂದ ಇಲ್ಲಿದೆ. ನಮ್ಮ ದೇಶದ್ದೇ ಆದ ದಾರಿ ತೋರುವ ಉಪಗ್ರಹಗಳು, ನಾವಿಕ್ ಎನ್ನುತ್ತೇವಲ್ಲ, ಅವುಗಳಲ್ಲಿ ಮೊದಲನೆಯದು ಹಾರಿದ್ದು 2013ರ ಜುಲೈ 1ರಂದು, ಏಳನೆಯದು 2016ರ ಏಪ್ರಿಲ್ 28ರಂದು. ರಾಕೆಟ್ಟಿನಿಂದ ಬೇರ್ಪಟ್ಟ ಮೇಲೆ ಅವನ್ನು ಕೈಗೆ ತೆಗೆದುಕೊಂಡು ಕಕ್ಷೆಗೆ ಏರಿಸಿದ್ದು ಈ ಊರಿನಿಂದಲೇ. ಸುಮಾರು 36 ಸಾವಿರ ಕಿಲೋಮೀಟರ್ ಮೇಲಿನ ವಸ್ತುವನ್ನು ಕೂತಲ್ಲಿಂದಲೇ ನಡೆಸುವ ಊರು ನಮ್ಮದು. ಇದೇ ಊರಿನಿಂದ ಹೊರಟು, ಎರಡು ಎರಡೂವರೆ ಗಂಟೆ ದಾರಿಯ ನನ್ನ ಅಕ್ಕನ ಮನೆಗೆ ನಾನು ಹೊತ್ತಿಗೆ ಸರಿಯಾಗಿ ಹೋಗಿ ಮುಟ್ಟಲಿಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಾಲ್ಕು ವರ್ಷದ ಹಿಂದಿನ ಜುಲೈ. ಬೆಳಿಗ್ಗೆ ಅಕ್ಕನ ಮಗನ ಫೋನು. ಭಾವ ಹೋಗಿಬಿಟ್ಟಿದ್ದರು. "ಚಿಕ್ಕಮ್ಮ, ಒಂದು ಗಂಟೆಗೆ ಎತ್ತುತ್ತೇವೆ. ಮಳೆ ಜಾಸ್ತಿ ಆಗ್ತಿದೆ, ಅದಕ್ಕಿಂತ ತಡ ಮಾಡಕ್ಕಾಗಲ್ಲ. ಮೂಡಿಗೆರೆ, ಬಣಕಲ್ ಮೇಲೇ ಬನ್ನಿ" ಅಂದ. ಆ ದಾರಿ ನನಗೆ ಗೊತ್ತಿದ್ದದ್ದೇ. ಅಕ್ಕ ಮದುವೆಯಾಗಿ ಹೋದ ವರ್ಷದಿಂದ ಬಸ್ಸಿನಲ್ಲಿ, ಭಾವನ ಜೀಪಿನಲ್ಲಿ, ಆಮೇಲೆ ನನ್ನದೇ ಕಾರಿನಲ್ಲಿ ಓಡಾಡಿದ ದಾರಿ. ಹೊರಡುವುದು ತಡವಾಯಿತು. ಪಕ್ಕದಲ್ಲಿ ಕೂತ ಮಗಳು ಮ್ಯಾಪ್ ಹಾಕಿಕೊಂಡಿದ್ದಳು. ಮೂಡಿಗೆರೆ ದಾಟುತ್ತಿದ್ದ ಹಾಗೆ ಪರದೆಯ ಮೇಲೆ ಇನ್ನೊಂದು ಗೆರೆ ಮೂಡಿತು. ಈ ಕಡೆ ಹೋದರೆ ಹದಿನೆಂಟು ನಿಮಿಷ ಉಳಿಯುತ್ತದೆ ಎಂದು. ಆಗ ಹನ್ನೆರಡು ದಾಟಿತ್ತು. ಹದಿನೆಂಟು ನಿಮಿಷ ಅಂದರೆ ಆವತ್ತು ನನಗೆ ಭಾವನ ಮುಖ ನೋಡುವುದಕ್ಕೆ ಸಿಗುವ ಹೊತ್ತು. ತಿರುಗಿಸಿಬಿಟ್ಟೆ.

ಎರಡು ಕಿಲೋಮೀಟರ್ ಡಾಂಬರು ಇತ್ತು. ಆಮೇಲೆ ಜಲ್ಲಿ. ಆಮೇಲೆ ಚಕ್ರದ ಎರಡು ಜಾಡು, ನಡುವೆ ಹುಲ್ಲು. ಎರಡೂ ಕಡೆ ಕಾಫಿ, ಮೇಲೆ ಸಿಲ್ವರ್ ಮರ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಹನ್ನೆರಡೂವರೆಗೇ ಹೆಡ್‌ಲೈಟ್ ಹಾಕಬೇಕಾದಂಥ ಕತ್ತಲು. ಇಳಿಜಾರಿನ ಕೊನೆಯಲ್ಲಿ ಒಂದು ಗೇಟು. ಪೈಪಿನ ಗೇಟು, ಹಸಿರು ಬಣ್ಣ ಹೊಡೆದದ್ದು, ಸರಪಳಿ ಸುತ್ತಿ ಬೀಗ ಹಾಕಿತ್ತು. ಬೀಗದೊಳಗೆ ನೀರು ಇಳಿಯದಿರಲಿ ಎಂದು ಅದರ ಮೇಲೆ ಸೈಕಲ್ ಟ್ಯೂಬಿನ ತುಂಡು ಕಟ್ಟಿದ್ದರು. ಆ ಟ್ಯೂಬಿನ ಮೇಲೆ ಪಾಚಿ ಬೆಳೆದಿತ್ತು. ನಿನ್ನೆ ಮೊನ್ನೆ ಹಾಕಿದ ಗೇಟಲ್ಲ ಅದು. ಫೋನು ಮಾತ್ರ ನೇರ ಹೋಗಿ ಅನ್ನುತ್ತಲೇ ಇತ್ತು.

ತೋಟದ ಆಳುಗಳ ಲೈನ್ ಮನೆಯ ಕಡೆಯಿಂದ ಪ್ಲಾಸ್ಟಿಕ್ ಕೊಪ್ಪೆ ಹೊದ್ದ ಒಬ್ಬರು ಬಂದರು. "ಅಮ್ಮಾ, ಇದು ತೋಟದ ರೋಡು. ಗೇಟ್ ತೆಗೆದ್ರೂ ಹೋಗಕ್ಕಾಗಲ್ಲ, ಕೆಳಗೆ ಹಳ್ಳ ಬಂದಿದೆ. ಸಂಕ್ರಾಂತಿ ಹೊತ್ತಿಗಾದ್ರೆ ಜೀಪು ದಾಟ್ತದೆ. ಈ ಮಳೆಗೆ ನೀವು ಐದನೇ ಗಾಡಿ" ಅಂದರು. ತಿರುಗಿಸಲು ಜಾಗವಿರಲಿಲ್ಲ. ಒಂದೂವರೆ ಕಿಲೋಮೀಟರ್ ರಿವರ್ಸ್ ಗೇರಿನಲ್ಲೇ ಬಂದೆ. ಆ ಮನುಷ್ಯ ಅಷ್ಟು ದೂರವೂ ಹಿಂದೆ ಹಿಂದೆ ನಡೆದು, ಚಕ್ರ ಚರಂಡಿಯ ಕಡೆ ಜಾರಿದಾಗಲೆಲ್ಲ ಡಿಕ್ಕಿಯ ಮೇಲೆ ಬಡಿದು ನಿಲ್ಲಿಸುತ್ತಿದ್ದರು. ಡಾಂಬರು ಸಿಕ್ಕ ಮೇಲೆ ನೋಡಿದರೆ ಅವರ ಎರಡೂ ಕಾಲಿಗೆ ಇಂಬಳ ಹತ್ತಿ ರಕ್ತ ಇಳಿಯುತ್ತಿತ್ತು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. "ಮಣ್ಣಿಗೆ ಹೊರಟೋರ ಹತ್ರ ತಗೋಬಾರದು, ಹೋಗಿ ಬನ್ನಿ" ಅಂದರು.

ಅಕ್ಕನ ಮನೆ ಮುಟ್ಟಿದಾಗ ಎರಡೂಕಾಲು. ಎಲ್ಲ ಮುಗಿದಿತ್ತು. ತೋಟದ ಮೂಲೆಯಲ್ಲಿ ಹಸಿ ಮಣ್ಣು ಕೊಚ್ಚಿಹೋಗದಿರಲಿ ಎಂದು ಅಡಿಕೆ ಸೋಗೆ ಹೊದಿಸಿದ್ದರು. ಅಕ್ಕ ಅಳುವಿನ ನಡುವೆ ನನ್ನನ್ನು ಕೇಳಿದ್ದು ಒಂದೇ ಮಾತು: "ನಿನಗೆ ದಾರಿ ಗೊತ್ತಿತ್ತಲ್ಲೇ?"

ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಓದುತ್ತಾ ಬಂದದ್ದರಲ್ಲಿ ಒಂದಿಷ್ಟನ್ನು ಇವತ್ತು ನಿಮ್ಮ ಮುಂದಿಡುತ್ತೇನೆ.

ಮೊದಲಿಗೆ ಉಪಗ್ರಹದ ಪರವಾಗಿ ಒಂದು ಮಾತು. "ಸ್ಯಾಟಲೈಟ್ ದಾರಿ ತಪ್ಪಿಸಿತು" ಎಂದು ಎಲ್ಲರೂ ಬೈಯುತ್ತಾರೆ. ಉಪಗ್ರಹ ದಾರಿ ಹೇಳುವುದೇ ಇಲ್ಲ. ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ದಿನಕ್ಕೆ ಎರಡು ಸುತ್ತು ಹೊಡೆಯುತ್ತಾ ತಾವು ಎಲ್ಲಿದ್ದೇವೆ, ಈಗ ಗಂಟೆ ಎಷ್ಟು ಎಂಬುದನ್ನಷ್ಟೇ ಸಾರುತ್ತಿರುತ್ತವೆ. ನಿಮ್ಮ ಫೋನು ಕನಿಷ್ಠ ನಾಲ್ಕು ಉಪಗ್ರಹಗಳ ಗಂಟೆಯನ್ನು ಕೇಳಿಸಿಕೊಂಡು, ಯಾವುದರ ಸುದ್ದಿ ಎಷ್ಟು ತಡವಾಗಿ ತಲುಪಿತು ಎಂದು ಲೆಕ್ಕ ಹಾಕಿ, ತಾನಿರುವ ಜಾಗ ಕಂಡುಕೊಳ್ಳುತ್ತದೆ. ಆ ಸುದ್ದಿ ಬರುವುದು ಬೆಳಕಿನ ವೇಗದಲ್ಲಿ. ಬೆಳಕು ಒಂದು ಮೈಕ್ರೋಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿನಲ್ಲಿ, 300 ಮೀಟರ್ ಓಡುತ್ತದೆ. ಅಂದರೆ ಗಡಿಯಾರ ಅಷ್ಟು ತಪ್ಪಿದರೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ನಿಂತವರು ಪಕ್ಕದ ಬೀದಿಯಲ್ಲಿದ್ದಂತೆ ಕಾಣುತ್ತಾರೆ. ಅದಕ್ಕೇ ಅವುಗಳಲ್ಲಿ ಪರಮಾಣು ಗಡಿಯಾರ. ಐನ್‌ಸ್ಟೈನ್ ಹೇಳಿದ ಪ್ರಕಾರ ಅಷ್ಟು ಎತ್ತರದಲ್ಲಿ, ಅಷ್ಟು ವೇಗದಲ್ಲಿ ಗಡಿಯಾರ ನೆಲದ್ದಕ್ಕಿಂತ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಅದನ್ನು ಸರಿಪಡಿಸದೆ ಬಿಟ್ಟರೆ ಒಂದೇ ದಿನದಲ್ಲಿ 11 ಕಿಲೋಮೀಟರಿನಷ್ಟು ತಪ್ಪು ಕೂಡಿಕೊಳ್ಳುತ್ತದೆ. ಇದನ್ನು ತರಗತಿಯಲ್ಲಿ ಹೇಳಿದಾಗ ಮಕ್ಕಳ ಮುಖದಲ್ಲಿ ಮೂಡುತ್ತಿದ್ದ ಬೆರಗು ನನಗೆ ಇವತ್ತಿಗೂ ನೆನಪಿದೆ. ಇಷ್ಟೆಲ್ಲ ಮಾಡಿ, ಬಯಲಿನಲ್ಲಿ ಸುಮಾರು ಐದು ಮೀಟರಿನ ಒಳಗೆ ನಮ್ಮ ಜಾಗ ಹೇಳುವುದು ಮನುಷ್ಯರ ದೊಡ್ಡ ಸಾಧನೆ, ಅದರಲ್ಲಿ ನನಗೆ ಅನುಮಾನವೇ ಇಲ್ಲ.

ಐದು ಮೀಟರ್ ಕೂಡ ಕೆಲವು ಕಡೆ ಸಾಲುವುದಿಲ್ಲ. ಹೆದ್ದಾರಿ ನಾಲ್ಕು ಪಥವಾದ ಮೇಲೆ ಪಕ್ಕಕ್ಕೇ ಸರ್ವಿಸ್ ರಸ್ತೆ ಬಂತು. ನೀವು ಮೇಲಿದ್ದೀರೋ ಪಕ್ಕದಲ್ಲಿದ್ದೀರೋ ಮ್ಯಾಪಿಗೆ ತಿಳಿಯುವುದಿಲ್ಲ. ಘಟ್ಟದಲ್ಲಿ ಒಂದು ಕಡೆ ಬಂಡೆ, ತಲೆಯ ಮೇಲೆ ಮರದ ಚಪ್ಪರ. ಅಲ್ಲಿ ಸಂಕೇತ ಬಂಡೆಗೆ ಬಡಿದು ಬಳಸಿಕೊಂಡು ಬರುತ್ತದೆ, ಚುಕ್ಕಿ ರಸ್ತೆ ಬಿಟ್ಟು ಕಣಿವೆಯೊಳಗೆ ನಿಲ್ಲುತ್ತದೆ. ಇವು ಇರುವ ತೊಂದರೆಗಳೇ, ಆದರೆ ಸಣ್ಣವು. ಆ ದಿನ ಗೇಟಿನ ಮುಂದೆ ನನ್ನ ನೀಲಿ ಚುಕ್ಕಿ ಸರಿಯಾದ ಜಾಗದಲ್ಲೇ ಇತ್ತು. ನಾನು ಎಲ್ಲಿದ್ದೇನೆ ಎಂಬುದು ಫೋನಿಗೆ ಗೊತ್ತಿತ್ತು. ಆ ಜಾಗ ಎಂಥದು ಎಂಬುದು ನಕ್ಷೆಗೆ ಗೊತ್ತಿರಲಿಲ್ಲ.

ನಾವಿಕ್ ಎಲ್ಲ ಫೋನಿಗೂ ಬಂದರೆ ಇದು ಸರಿಹೋಗುತ್ತದೆಯೇ ಎಂದು ಹಲವರು ಕೇಳುತ್ತಾರೆ. ನಮ್ಮದೇ ಗಡಿಯಾರ ಇರಬೇಕಾದ್ದು ಹೌದು. ಮೊದಲ ಸಾಲಿನ ಉಪಗ್ರಹಗಳಲ್ಲಿ ಹೊರಗಿನಿಂದ ತಂದ ಪರಮಾಣು ಗಡಿಯಾರಗಳು ಕೆಟ್ಟು ತುಂಬ ತೊಂದರೆಯಾಯಿತು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ನಮ್ಮ ದೇಶದಲ್ಲೇ ಮಾಡಿದ ಗಡಿಯಾರ ಇತ್ತು, ಅದು ಹೆಮ್ಮೆಯ ವಿಷಯ. ಆದರೆ ಅಂಥ ಎಷ್ಟು ಉಪಗ್ರಹ ಬಂದರೂ ಆ ಹಸಿರು ಗೇಟಿನ ಸುದ್ದಿ ನನಗೆ ಸಿಗುತ್ತಿರಲಿಲ್ಲ.

ಹಾಗಾದರೆ ನಕ್ಷೆಗೆ ರಸ್ತೆ ಎಲ್ಲಿಂದ ಬಂತು? ಬಹುಪಾಲು ಆಕಾಶದಿಂದ ತೆಗೆದ ಚಿತ್ರಗಳಿಂದ. ನನ್ನ ಇಡೀ ಉಪನ್ಯಾಸದ ತಿರುಳು ಇರುವುದು ಇಲ್ಲಿ. ಕ್ಯಾಮೆರಾ ಮೋಡದೊಳಗೆ ನೋಡಲಾರದು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಯ ಮೇಲೆ ಮೋಡ ಮುಚ್ಚಿಕೊಂಡೇ ಇರುತ್ತದೆ. ನಕ್ಷೆ ಬರೆಯಲು ಆರಿಸಿಕೊಳ್ಳುವುದು ನಿಚ್ಚಳವಾದ ಚಿತ್ರ. ನಮ್ಮಲ್ಲಿ ಆಕಾಶ ನಿಚ್ಚಳವಾಗುವುದು ಯಾವಾಗ? ಕಾಫಿ ಕೊಯ್ಲಿನ ಹೊತ್ತಿಗೆ. ಆಗ ಹಳ್ಳ ಒಣಗಿರುತ್ತದೆ, ತೋಟದ ರಸ್ತೆಗೆ ಹೊಸ ಮಣ್ಣು ಬಿದ್ದಿರುತ್ತದೆ, ಪಿಕಪ್ಪು, ಜೀಪು ಓಡಾಡಿ ಜಾಡು ಬೆಳ್ಳಗೆ ಎದ್ದು ಕಾಣುತ್ತದೆ. ಮೇಲಿಂದ ನೋಡಿದವರಿಗೆ ಅದು ಒಳ್ಳೆಯ ರಸ್ತೆ, ಗೇಟು ಒಂದು ಕೂದಲೆಳೆ. ಹಾಗೆ ನಮ್ಮ ಕೈಯಲ್ಲಿರುವುದು ಬೇಸಿಗೆಯ ಮಲೆನಾಡಿನ ನಕ್ಷೆ. ಅದನ್ನು ಹಿಡಿದುಕೊಂಡು ನಾವು ಆಷಾಢದಲ್ಲಿ ಹೊರಡುತ್ತೇವೆ.

ಗೊರೂರಿನ ಹಿನ್ನೀರಿನ ಕಡೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶೆಟ್ಟಿಹಳ್ಳಿಯ ಹಳೇ ಚರ್ಚಿನ ಸುತ್ತ ಬೇಸಿಗೆಯಲ್ಲಿ ಕಾರು ನಿಲ್ಲಿಸುತ್ತಾರೆ, ಮಕ್ಕಳು ಆಡುತ್ತಾರೆ. ಮಳೆಗಾಲದಲ್ಲಿ ಅದೇ ಚರ್ಚು ಅರ್ಧ ನೀರಿನಲ್ಲಿ ಮುಳುಗಿ ನಿಂತಿರುತ್ತದೆ. ಒಂದೇ ಜಾಗ, ಅದೇ ಅಕ್ಷಾಂಶ ರೇಖಾಂಶ.

ಇದಕ್ಕೆ ನಿಮಿಷದ ಲೆಕ್ಕವೂ ಸೇರಿಕೊಳ್ಳುತ್ತದೆ. ಪೇಟೆಯಲ್ಲಿ ಮ್ಯಾಪ್ ಹೇಳುವ ಹೊತ್ತು ಹೆಚ್ಚು ಕಡಿಮೆ ಸರಿ ಬರುತ್ತದೆ, ಏಕೆಂದರೆ ಆ ರಸ್ತೆಯಲ್ಲಿರುವ ನೂರಾರು ಫೋನುಗಳ ಚಲನೆ ನೋಡಿ ಅದು ಲೆಕ್ಕ ಹಾಕುತ್ತದೆ. 2020ರಲ್ಲಿ ಬರ್ಲಿನ್‌ನಲ್ಲಿ ಒಬ್ಬ ಕಲಾವಿದರು 99 ಫೋನುಗಳನ್ನು ಪುಟ್ಟ ಬಂಡಿಯಲ್ಲಿಟ್ಟು ಖಾಲಿ ಬೀದಿಯಲ್ಲಿ ಎಳೆದುಕೊಂಡು ಹೋದರು. ಮ್ಯಾಪಿನಲ್ಲಿ ಆ ಬೀದಿ ಕೆಂಪಾಯಿತು, ಟ್ರಾಫಿಕ್ ಜಾಮ್ ಎಂದು ತೋರಿಸಿತು. ನಮ್ಮ ತೋಟದ ರಸ್ತೆಯಲ್ಲಿ ದಿನಕ್ಕೆ ಎರಡು ಜೀಪು ಹೋದರೆ ಹೆಚ್ಚು, ಫೋನಿಗೆ ಟವರೂ ಇರುವುದಿಲ್ಲ. ಅಲ್ಲಿ ಯಾರದ್ದೂ ಅನುಭವ ನಕ್ಷೆಗೆ ತಲುಪುವುದಿಲ್ಲ. ಇಷ್ಟು ಅಗಲದ ರಸ್ತೆಯಲ್ಲಿ ಇಷ್ಟು ವೇಗ ಇರಬಹುದು ಎಂಬ ಅಂದಾಜಿನ ಮೇಲೆ ಹದಿನೆಂಟು ನಿಮಿಷ ಹುಟ್ಟಿಕೊಳ್ಳುತ್ತದೆ. ಏರು, ತಿರುವು, ಕೆಸರು, ಎದುರಿಗೆ ಬಂದ ಸೌದೆ ಲಾರಿಗೆ ದಾರಿ ಬಿಡಲು ಹಿಂದೆ ಸರಿಯುವುದು, ಇವೊಂದೂ ಆ ಅಂದಾಜಿನಲ್ಲಿಲ್ಲ.

ಟವರಿನ ಮಾತು ಬಂತಲ್ಲ, ಇಲ್ಲಿ ಒಂದು ಗೊಂದಲ ತಿಳಿಗೊಳಿಸಬೇಕು. ಟವರ್ ಹೋದರೆ ಜಿಪಿಎಸ್ಸೂ ಹೋಯಿತು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಉಪಗ್ರಹದ ಸಂಕೇತಕ್ಕೆ ಸಿಮ್ ಬೇಡ, ಇಂಟರ್ನೆಟ್ ಬೇಡ. ಹೋಗುವುದು ನಕ್ಷೆಯ ಚಿತ್ರ, ಏಕೆಂದರೆ ಅದು ಇಂಟರ್ನೆಟ್ಟಿನಿಂದ ತುಣುಕು ತುಣುಕಾಗಿ ಇಳಿಯುತ್ತದೆ. ಬಿಳಿ ಹಾಳೆಯ ಮೇಲೆ ಚುಕ್ಕಿ ಮಾತ್ರ ಚಲಿಸುತ್ತಿರುತ್ತದೆ. ಮನೆಯಲ್ಲಿ ವೈಫೈ ಇರುವಾಗಲೇ ಹಾಸನ, ಚಿಕ್ಕಮಗಳೂರು, ದಕ್ಷಿಣ ಕನ್ನಡ ಮೂರರ ನಕ್ಷೆಯನ್ನೂ ಫೋನಿಗೆ ಇಳಿಸಿಟ್ಟುಕೊಳ್ಳಿ. ಚಾರ್ಮಾಡಿಯಲ್ಲಿ, ಬಿಸಿಲೆಯಲ್ಲಿ ಅದು ಕೆಲಸಕ್ಕೆ ಬರುತ್ತದೆ.

ಹೆಸರಿನ ಪಾಡು ಬೇರೆಯೇ ಇದೆ. ನಮ್ಮ ಎರಡು ಜಿಲ್ಲೆಯಲ್ಲಿ ಹೊಸಹಳ್ಳಿಗಳು ಎಷ್ಟಿವೆ ಎಂದು ಇಲ್ಲಿ ಕೂತವರನ್ನು ಕೇಳಿದರೆ ಒಬ್ಬೊಬ್ಬರೂ ಒಂದೊಂದು ಹೇಳುತ್ತೀರಿ. ಬಾಯಲ್ಲಿ ಹೊಸಳ್ಳಿ, ದಾಖಲೆಯಲ್ಲಿ ಹೊಸಹಳ್ಳಿ. ಇನ್ನು ಇಂಗ್ಲಿಷಿಗೆ ಹೋಗಿ ವಾಪಸ್ ಕನ್ನಡಕ್ಕೆ ಬಂದ ಹೆಸರುಗಳ ಗತಿ ನೋಡಿ. ಇಂಗ್ಲಿಷ್ ಬರಹದಲ್ಲಿ ದೀರ್ಘದ ಗುರುತಿಲ್ಲ, ಳಕಾರವಿಲ್ಲ. ಮೂಡಿಗೆರೆ ದಾರಿಯ ಹಾಂದಿ ಹಂದಿಯಾಗುತ್ತದೆ, ಬಾಳ್ಳುಪೇಟೆ ಬಲ್ಲುಪೇಟೆಯಾಗುತ್ತದೆ. ಕೇಳಲು ಸಣ್ಣ ವಿಷಯ. ಆದರೆ ರಾತ್ರಿ ಹತ್ತು ಗಂಟೆಗೆ, ಹೆರಿಗೆ ನೋವು ಬಂದ ಮನೆಗೆ ಗಾಡಿ ಹುಡುಕಿಕೊಂಡು ಬರುವಾಗ ಅದು ಸಣ್ಣದಲ್ಲ. ಊರ ಹೆಸರನ್ನು ಊರಿನವರು ಕರೆಯುವ ಹಾಗೆ ನಕ್ಷೆಯಲ್ಲಿ ಬರೆಯಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಇದೆಲ್ಲ ತಡವಾಗುವ, ಸುತ್ತಾಡುವ ಕಷ್ಟವಷ್ಟೇ ಆಗಿದ್ದರೆ ನಾನು ಇಷ್ಟು ಹೊತ್ತು ತೆಗೆದುಕೊಳ್ಳುತ್ತಿರಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಕೇರಳದಲ್ಲಿ ಇಬ್ಬರು ಯುವ ವೈದ್ಯರು ರಾತ್ರಿ ಮಳೆಯಲ್ಲಿ ಮ್ಯಾಪ್ ನೋಡಿಕೊಂಡು ಹೋಗುತ್ತಿದ್ದಾಗ ಕಾರು ಪೆರಿಯಾರ್ ನದಿಗೆ ಇಳಿದು ಸತ್ತರು. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಹತ್ತಿರ ರಾಮಗಂಗಾ ನದಿಯ ಸೇತುವೆ ಅರ್ಧಕ್ಕೇ ನಿಂತಿತ್ತು, ಮ್ಯಾಪ್ ಹಿಡಿದು ಬಂದ ಮೂವರು ಅಲ್ಲಿಂದ ಕೆಳಗೆ ಬಿದ್ದು ಸತ್ತರು. ಆ ಸೇತುವೆಯ ಬಾಯಿಗೆ ಗಟ್ಟಿಯಾದ ಒಂದು ತಡೆ ಇದ್ದಿದ್ದರೆ ಸಾಕಿತ್ತು. ಅದು ಫೋನಿನೊಳಗೆ ಮಾಡುವ ಕೆಲಸವಲ್ಲ, ರಸ್ತೆಯ ಮೇಲೆ ಮಾಡುವ ಕೆಲಸ.

ನಮ್ಮಲ್ಲಿ ಇದಕ್ಕೆ ಸಮನಾದದ್ದು ಘಟ್ಟ ಮುಚ್ಚುವುದು. ಶಿರಾಡಿ ಘಾಟಿ 2018ರಲ್ಲಿ ಕಾಂಕ್ರೀಟ್ ಕೆಲಸಕ್ಕಾಗಿ ತಿಂಗಳುಗಟ್ಟಲೆ ಮುಚ್ಚಿತ್ತು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕುಸಿಯಿತು. 2024ರ ಮಳೆಗೆ ಸಕಲೇಶಪುರದ ದೋಣಿಗಾಲ್ ಕಡೆ ಮತ್ತೆ ಗುಡ್ಡ ಜರುಗಿತು. ಸಂಜೆ ಜಿಲ್ಲಾಧಿಕಾರಿಗಳ ಆದೇಶ ಹೊರಡುತ್ತದೆ, ರಾತ್ರಿ ಬೆಂಗಳೂರಿನಿಂದ ಹೊರಟವರಿಗೆ ಅದು ಗೊತ್ತಾಗುವುದು ಬ್ಯಾರಿಕೇಡ್ ಕಂಡಾಗ. ಅಲ್ಲಿಂದ ಮ್ಯಾಪ್ ಬಿಸಿಲೆ ಕಡೆಗೋ ಇನ್ನಾವುದೋ ಒಳದಾರಿಗೋ ತಿರುಗಿಸುತ್ತದೆ. ಆ ಒಳದಾರಿ ಬಸ್ಸಿನ ಭಾರ ತಡೆಯುತ್ತದೆಯೇ ಎಂಬುದು ಪಕ್ಕದ ಊರಿನವರಿಗೆ ಗೊತ್ತು. ಅವರನ್ನು ಯಾರೂ ಕೇಳುವುದಿಲ್ಲ, ಏಕೆಂದರೆ ಗಾಜು ಇಳಿಸುವುದನ್ನೇ ನಾವು ಬಿಟ್ಟಿದ್ದೇವೆ.

ಮೊದಲು ಹೀಗಿರಲಿಲ್ಲ. ಹಳದಿ ತಲೆಯ ಕಲ್ಲು ರಾಷ್ಟ್ರೀಯ ಹೆದ್ದಾರಿ, ಹಸಿರು ತಲೆಯದು ರಾಜ್ಯ ಹೆದ್ದಾರಿ ಎಂದು ಭಾವ ನನಗೆ ಜೀಪಿನಲ್ಲಿ ಹೇಳಿಕೊಟ್ಟಿದ್ದರು. ಕಲ್ಲು ಸಿಗದ ಕಡೆ ಡೈರಿಯ ಮುಂದೆ ನಿಲ್ಲಿಸಿ ಕೇಳುತ್ತಿದ್ದರು. ಬೇಕೆಂದೇ ಇಬ್ಬರನ್ನು ಕೇಳುತ್ತಿದ್ದರು, ಏಕೆಂದರೆ ಗೊತ್ತಿಲ್ಲ ಅನ್ನಲು ಸಂಕೋಚಪಟ್ಟು ತಪ್ಪು ದಾರಿ ತೋರಿಸುವವರೂ ಇರುತ್ತಾರೆ. "ಇಲ್ಲೇ, ಸ್ವಲ್ಪ ಮುಂದೆ" ಎಂದರೆ ನಾಲ್ಕು ಕಿಲೋಮೀಟರ್ ಇರಬಹುದು, ಅದೂ ನಿಜ. ಆದರೆ ಹಾಗೆ ಕೇಳಿದಾಗ ಸಿಗುತ್ತಿದ್ದ ಉತ್ತರದಲ್ಲಿ ಇವತ್ತಿನ ದಿನ ಇರುತ್ತಿತ್ತು. "ಮೋರಿ ಹತ್ರ ನಿಧಾನ ಹೋಗಿ, ಬೆಳಗ್ಗೆಯಿಂದ ನೀರು ಹತ್ತಿದೆ" ಎಂದು ಯಾವ ನಕ್ಷೆ ಹೇಳೀತು?

ಇನ್ನೊಂದು ನಷ್ಟವೂ ಇದೆ. 2000ದಲ್ಲಿ ಲಂಡನ್ನಿನ ಎಲಿನಾರ್ ಮ್ಯಾಗ್ವೈರ್ ಮತ್ತು ಅವರ ಜೊತೆಗಾರರು ಅಲ್ಲಿನ ಟ್ಯಾಕ್ಸಿ ಚಾಲಕರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಸಾವಿರಾರು ಬೀದಿಗಳನ್ನು ಬಾಯಿಪಾಠ ಮಾಡಿದ ಆ ಚಾಲಕರಲ್ಲಿ, ಜಾಗ ನೆನಪಿಡುವ ಹಿಪೊಕ್ಯಾಂಪಸ್ಸಿನ ಹಿಂಭಾಗ ಬೇರೆಯವರಿಗಿಂತ ದೊಡ್ಡದಾಗಿತ್ತು. ಬಳಸಿದಂತೆ ಬೆಳೆಯುವುದಾದರೆ ಬಳಸದಿದ್ದಾಗ ಏನಾಗುತ್ತದೆ ಎಂದು ನಾನು ಯೋಚಿಸುತ್ತೇನೆ. ನನ್ನ ಮಗಳು ಅಕ್ಕನ ಮನೆಗೆ ಹತ್ತಾರು ಸಲ ಹೋಗಿದ್ದಾಳೆ. ಒಬ್ಬಳೇ ಹೋಗು ಎಂದರೆ ದಾರಿ ಹೇಳಲು ಅವಳಿಗೆ ಬರುವುದಿಲ್ಲ. ಎಲ್ಲ ಸಲವೂ ಅವಳು ನೋಡಿದ್ದು ಪರದೆಯನ್ನು.

ನಾನು ಮ್ಯಾಪ್ ಬಿಟ್ಟಿಲ್ಲ. ಬೆಂಗಳೂರಿನೊಳಗೆ ಅದಿಲ್ಲದೆ ನನಗೆ ನಡೆಯುವುದಿಲ್ಲ. ಘಟ್ಟದ ಕಡೆ ಹೊರಟಾಗ ಮಾತ್ರ ಹಿಂದಿನ ರಾತ್ರಿ ಒಂದು ಫೋನು ಮಾಡುತ್ತೇನೆ, ಹೋಗುವ ಊರಿನವರಿಗೆ. ಬಸ್ಸು ಯಾವ ಊರಿನ ಮೇಲೆ ಬರುತ್ತಿದೆ ಎಂದು ಕೇಳುತ್ತೇನೆ. ಬಸ್ಸು ಬರುವ ದಾರಿ ಇದ್ದೇ ಇರುತ್ತದೆ. ಹತ್ತು ಕಿಲೋಮೀಟರ್ ಸುತ್ತಾದರೂ ಅದರಲ್ಲೇ ಹೋಗುತ್ತೇನೆ. ಆ ತೋಟದ ಗೇಟಿನ ಬಗ್ಗೆ ಮ್ಯಾಪಿಗೆ ತಿದ್ದುಪಡಿ ಕಳಿಸಿದೆ. ಮೊದಲ ಸಲ ಪರಿಶೀಲಿಸಲು ಆಗಲಿಲ್ಲ ಎಂದು ಉತ್ತರ ಬಂತು. ಮುಂದಿನ ಮಳೆಗಾಲದಲ್ಲಿ ಅಕ್ಕನ ಮಗ ಗೇಟಿನ ಫೋಟೊ, ಹಳ್ಳದ ಫೋಟೊ ತೆಗೆದು ಕಳಿಸಿದ. ಎರಡು ತಿಂಗಳಾದ ಮೇಲೆ ಆ ಗೆರೆ ಹೋಯಿತು. ನಿಮ್ಮ ನಿಮ್ಮ ಊರಿನ ಮುಚ್ಚಿದ ದಾರಿ, ತಪ್ಪಿದ ಹೆಸರು ಇದ್ದರೆ ಹೀಗೇ ಫೋಟೊ ಹಾಕಿ ಕಳಿಸಿ. ಮಳೆಗಾಲದಲ್ಲೇ ತೆಗೆದ ಫೋಟೊ ಇರಲಿ.

ಮಾತು ಮುಗಿಸುವ ಮೊದಲು ಒಂದು ಕೇಳಿಕೆ. ನಾನು ಈಗ ಇಲ್ಲಿಂದ ನೇರ ಅಕ್ಕನ ಮನೆಗೆ ಹೊರಟಿದ್ದೇನೆ. ಮೂಡಿಗೆರೆ ಕಡೆಯಿಂದ ಇವತ್ತು ಬಂದವರು ಯಾರಾದರೂ ಇದ್ದರೆ ರಸ್ತೆ ಹೇಗಿದೆ ಹೇಳಿ.

(ಮೂರನೇ ಸಾಲಿನಲ್ಲಿ ಖಾಕಿ ಅಂಗಿಯವರೊಬ್ಬರು ಎದ್ದು ನಿಂತರು. "ಮೇಡಂ, ಗೆಂಡೇಹಳ್ಳಿ ಹತ್ರ ಮರ ಬಿದ್ದಿದೆ. ಮಧ್ಯಾಹ್ನ ನಾನೇ ಅರ್ಧ ಗಂಟೆ ನಿಂತಿದ್ದೆ. ಕೊಂಬೆ ಕಡಿದಿದಾರೆ, ಬೈಕು ಹೋಗ್ತವೆ, ಕಾರು ಇಲ್ಲ. ನೀವು ಸಕಲೇಶಪುರದ ಮೇಲೆ ಹೋಗಿ. ಅಲ್ಲಿಂದ ಮೂಡಿಗೆರೆಗೆ ಆರೂವರೆ ಬಸ್ಸು ಬಿಡ್ತದೆ, ಅದರ ಹಿಂದೇನೇ ಹೋಗ್ಬಿಡಿ." ಹಾಗೇ ಹೋದೆ. ಒಂಬತ್ತಕ್ಕೆ ಮುಂಚೆ ಅಕ್ಕನ ಮನೆ ಮುಟ್ಟಿದೆ.)